ಕಿಟಕಿಯ ಪಕ್ಕದ ಕುರ್ಚಿ

ಬೆಳಕು ಹರಿಯುವ ಮೊದಲೇ ಹಿರಿಸೊಸೆ ನೀರು ಹಿಡಿದು, ಒಲೆ ಒರೆಸಿ, ಹಾಲು ಕಾಯಿಸಿರುತ್ತಿದ್ದಳು. ಮಾವನ ಮಾತ್ರೆ ತೆಗೆದಿಟ್ಟು, ಎರಡು ಸಂಸಾರದ ಊಟದ ಡಬ್ಬಿ ತುಂಬಿ, ಮಕ್ಕಳ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕಿಯೂ ಆಗಿರುತ್ತಿತ್ತು. ಅಷ್ಟು ಹೊತ್ತಿಗೆ ಕಿರಿಸೊಸೆ ಮೈಮುರಿಯುತ್ತಾ ಬಂದು, "ಅಕ್ಕಾ, ರಾತ್ರಿ ಮಲಗಿದ್ದೊಂದೇ ಗೊತ್ತು, ಎಂಥಾ ನಿದ್ದೆ ಅಂತೀರಿ!" ಎಂದು ತನ್ನ ಡಬ್ಬಿ ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ಆ ಮಾತು ಕೇಳಿದಾಗಲೆಲ್ಲ ಹಿರಿಸೊಸೆ ಕೈಲಿದ್ದ ಪಾತ್ರೆಯನ್ನು ಕುಕ್ಕಿ ಇಡುತ್ತಿದ್ದಳು. ಒಡವೆ ನೋಡಿ ಕರುಬುವವರುಂಟು, ಮನೆ ನೋಡಿ ಕರುಬುವವರುಂಟು. ಇವಳು ಓರಗಿತ್ತಿಯ ನಿದ್ದೆಗೆ ಕರುಬುತ್ತಿದ್ದಳು.

ಇಬ್ಬರೂ ಒಂದೇ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದರು. ಹಿರಿಯಳು ಒಳಸಾಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕಾಲರ್ ಹೊಲಿಯುತ್ತಿದ್ದಳು. ಹೊರಗೆ ಮಳೆಯೋ ಬಿಸಿಲೋ ಅಲ್ಲಿ ತಿಳಿಯದು. ರಾತ್ರಿಯೆಲ್ಲ ಹೊರಳಾಡಿ, ಹಗಲು ತೂಕಡಿಸಿ, ಎರಡು ಸಲ ಬೆರಳಿಗೆ ಸೂಜಿ ಹೊಡೆಸಿಕೊಂಡಿದ್ದಳು. "ಬೆಳಗಿನ ಬೆಳಕು ಕಣ್ಣಿಗೆ ಬೀಳಬೇಕಮ್ಮ, ಆಗ ನಿದ್ದೆ ದಾರಿಗೆ ಬರುತ್ತೆ," ಎಂದಿದ್ದರು ಡಾಕ್ಟರು. "ಅದು ಯಾವ ಅಂಗಡೀಲಿ ಸಿಗುತ್ತೆ ಡಾಕ್ಟ್ರೇ?" ಎಂದು ನಕ್ಕು ಬಂದಿದ್ದಳು.

ಕಿರಿಯಳ ಕುರ್ಚಿ ಮಾತ್ರ ದೊಡ್ಡ ಕಿಟಕಿಯ ಪಕ್ಕ. ಬಟ್ಟೆಗೆ ದಾರದ ಬಣ್ಣ ಹೊಂದಿಸುವುದು ಅವಳ ಕೆಲಸ. ಟ್ಯೂಬ್‌ಲೈಟಿನಲ್ಲಿ ಎರಡು ನೀಲಿಗಳು ಒಂದೇ ಎನಿಸಿ, ಬಿಸಿಲಿಗೆ ಬಂದೊಡನೆ ಹೊಲಿಗೆ ಹಲ್ಲು ಕಿರಿಯುತ್ತದೆ. ಅದಕ್ಕೇ ಬೆಳಗಿನ ಬೆಳಕಿನಲ್ಲೇ, ಎಲ್ಲರಿಗಿಂತ ಮುಂಚೆ ಬಂದು ಹೊಂದಿಸಬೇಕು. ಕನ್ನಡಕದಮ್ಮನೆಂದು ಎಲ್ಲರೂ ಕರೆಯುವ ಮೇಲ್ವಿಚಾರಕಿ ಆ ಜಾಗಕ್ಕೆ ಮೊದಲು ಕೇಳಿದ್ದು ಹಿರಿಯಳನ್ನೇ. "ಅಷ್ಟು ಬೇಗ ಆಗಲ್ಲಮ್ಮ, ಮನೆಕೆಲಸ," ಎಂದಿದ್ದಳು. ಆ ಮನೆಕೆಲಸದಲ್ಲಿ ಅರ್ಧ ಕಿರಿಯಳದೇ ಎಂಬುದು ಆಗ ಹೊಳೆದಿರಲಿಲ್ಲ.

ತಂಗಿಯ ಬಾಣಂತನಕ್ಕೆಂದು ಕಿರಿಯಳು ತವರಿಗೆ ಹೋದಳು. ಕನ್ನಡಕದಮ್ಮ ಬೇರೆ ದಾರಿಯಿಲ್ಲದೆ ಹಿರಿಯಳನ್ನು ಕಿಟಕಿಗೆ ಕೂರಿಸಿದಳು. ಮನೆಯಲ್ಲಿ ಅತ್ತೆ ಗೊಣಗುತ್ತಲೇ ಒಲೆ ಹಚ್ಚಿದರು, ಗಂಡ ಮುಖ ಊದಿಸಿಕೊಂಡೇ ಇಸ್ತ್ರಿ ಹಾಕಿದ. ಮನೆಯೇನೂ ಮುಳುಗಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಡ, "ಏನೇ, ರಾತ್ರಿ ಗೊರಕೆ ಹೊಡೀತಿದ್ದೆ!" ಎಂದು ಹಂಗಿಸಿದ. ಅವಳಿಗೆ ಬಹುಮಾನ ಬಂದಷ್ಟು ಹಿಗ್ಗಾಯಿತು.

ಕಿರಿಯಳು ತಿರುಗಿ ಬಂದಳು. "ಪಾಪ, ನಿಮಗೆ ಎಷ್ಟು ತೊಂದ್ರೆ ಆಯ್ತೋ ಅಕ್ಕಾ. ನಾಳೆಯಿಂದ ನಾನೇ ಬೇಗ ಹೋಗ್ತೀನಿ ಬಿಡಿ."

"ಸದ್ಯ, ಇನ್ನು ಮನೆ ಒಂದು ಹದಕ್ಕೆ ಬರುತ್ತೆ," ಎಂದರು ಅತ್ತೆ.

ಹಿರಿಯಳು ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೊರಟಳು. ಆ ಮಧ್ಯಾಹ್ನ ಕನ್ನಡಕದಮ್ಮ ಅವಳನ್ನು ಪಕ್ಕಕ್ಕೆ ಕರೆದಳು. "ನಿನ್ನ ಕಣ್ಣೂ ಚೆನ್ನಾಗಿದೆ ಕಣಮ್ಮ. ಇರೋದು ಒಂದೇ ಕುರ್ಚಿ. ಬೇಕಾದ್ರೆ ಇಟ್ಕೋ, ಅವಳು ಒಳಸಾಲಿಗೆ ಹೋಗ್ತಾಳೆ. ಮನೇಲಿ ಕೇಳ್ಕೊಂಡು ಹೇಳ್ತೀಯಾ?"

"ಕೈ ತೊಳ್ಕೊಂಡು ಬರ್ತೀನಿ," ಎಂದು ಹಿರಿಯಳು ನಲ್ಲಿಯ ಬಳಿ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಒಳಸಾಲಿನಲ್ಲಿ ಕೂತ ಓರಗಿತ್ತಿ ಕಣ್ಣಮುಂದೆ ಬಂದಳು: ಕಣ್ಣ ಕೆಳಗೆ ಕಪ್ಪು, ಬಾಯಲ್ಲಿ ಆಕಳಿಕೆ. ಅನುಭವಿಸಲಿ, ಎಂದಿತು ಮನಸ್ಸು. ಹಾಗೆಂದಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆ ಒಂದು ಕಡೆ ಇರಲಿ ಎಂದುಕೊಂಡು ನಲ್ಲಿ ನಿಲ್ಲಿಸಿದಳು.

"ಕೇಳೋದೇನಿಲ್ಲಮ್ಮ," ಎಂದಳು ವಾಪಸು ಬಂದು. "ಕುರ್ಚಿ ನನಗೇ ಇರಲಿ. ಮನೇಲಿ ನಾನೇ ಹೇಳ್ತೀನಿ."