ಮಾವನವರೂ ಮಿಟುಕುವ ದೀಪವೂ

ನಮ್ಮ ಮಾವನವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಜಾಕ್ ಜಾರಿ ಗಾಡಿ ಕೈಮೇಲೆ ಕೂತಾಗ ಹೋದ ಉಗುರು ಮತ್ತೆ ಬಂದಿರಲಿಲ್ಲ. ಆ ಜಾಗ ಎಳೆಗೂಸಿನ ಕೆನ್ನೆಯ ಹಾಗೆ ನುಣ್ಣಗೆ ಕೆಂಪಗೆ ಇತ್ತು. ಯೋಚನೆಗೆ ಬಿದ್ದರೆ ಸಾಕು, ತೋರುಬೆರಳಿನಿಂದ ಅದನ್ನೇ ತಿಕ್ಕುತ್ತ ಕೂಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು, ಸೊಸೆಯನ್ನು ಕಂಡು ಪಾಪ ಮುದುಕರಿಗೆ ಸಂಕೋಚ ಅಂದುಕೊಂಡಿದ್ದೆ. ಸಂಕೋಚವೂ ಇಲ್ಲ ಮಣ್ಣೂ ಇಲ್ಲ, ಅವರಿಗೆ ಗಾಡಿಯ ಚಿಂತೆ.

ನಮ್ಮದು ಹಲಗೇರಿಯಿಂದ ಒಳಗೆ ಹೊಲದಮನೆ. ಡಾಂಬರು ಬಿಟ್ಟರೆ ಪೂರಾ ಎರೆಮಣ್ಣಿನ ದಾರಿ, ನಡುವೆ ಒಂದು ಹಳ್ಳದ ಇಳುಕಲು. ಮಳೆ ಹಿಡಿಯಿತೆಂದರೆ ಚಕ್ಕಡಿಯ ಎತ್ತುಗಳೂ ಮುಖ ತಿರುಗಿಸುವ ದಾರಿ ಅದು. ಅದಕ್ಕೆಂದೇ ಮಾವನವರು ಯಾವುದೋ ಇಲಾಖೆಯ ಹರಾಜಿನಲ್ಲಿ ಹಳೇ ಫೋರ್‌ವ್ಹೀಲ್ ಗಾಡಿ ಹಿಡಿದು ತಂದಿದ್ದರು. ಸಾದಾ ಗಾಡಿಯಲ್ಲಿ ಹಿಂದಿನ ಎರಡು ಗಾಲಿ ದೂಡಿದರೆ ಮುಗಿಯಿತು. ಇದರಲ್ಲಿ ಲಿವರ್ ಎಳೆದರೆ ಮುಂದಿನ ಎರಡೂ ಜಗ್ಗುತ್ತವೆ. ಜೋಡಣೆ ಸರಿಯಾಗಿ ಕೂತರೆ ಸ್ಟೇರಿಂಗಿನ ಹಿಂದೆ ಒಂದು ಹಸಿರು ದೀಪ ಗಟ್ಟಿಯಾಗಿ ಉರಿಯುತ್ತದೆ. ಕೂಡದಿದ್ದರೆ ಮಿಟುಕುತ್ತದೆ. ಈ ಪಾಠವನ್ನು ನನಗೆ ಹೇಳಿಕೊಟ್ಟವರು ಅವರೇ. ಸೊಸೆಗೆ ಗಾಡಿ ಕಲಿಸಾಕತ್ತಾನ ಮುದುಕ ಅಂತ ಹಲಗೇರಿ ಚಹಾದ ಅಂಗಡಿಯಲ್ಲಿ ನಕ್ಕವರಿಗೆ, "ಮತ್ತ ನೀವು ಬರ್ತೀರೇನು ನಮ್ಮ ಮನಿಗೆ ಡ್ರೈವರಾಗಿ?" ಅಂದು ಬಾಯಿ ಮುಚ್ಚಿಸಿ ಬಂದಿದ್ದರು. ಇವತ್ತು ನಾನು ಯಾರ ಹಂಗೂ ಇಲ್ಲದೆ ರಾಣೆಬೆನ್ನೂರು, ಹಾವೇರಿ ತಿರುಗುತ್ತೇನೆಂದರೆ ಅದು ಅವರು ಹಾಕಿದ ಭಿಕ್ಷೆ.

ಕಲಿಸುವಾಗ ಬೈಯುತ್ತಿರಲಿಲ್ಲ. ಕೆಸರಿನಲ್ಲಿ ಅಂಜಿ ಬ್ರೇಕ್ ಒತ್ತಿದರೆ ಮಾತ್ರ, "ಯವ್ವಾ, ಎರಿಮಣ್ಣು ಹೋಗೋರನ್ನ ಬಿಡತೈತಿ, ನಿಂತೋರನ್ನ ಬಿಡಾಂಗಿಲ್ಲ" ಅನ್ನುತ್ತಿದ್ದರು. ಅಷ್ಟೇ.

ಅವರಿಗೆ ಇನ್ನೊಂದು ಹುಚ್ಚಿತ್ತು. ಮನೆ ತುಂಬ ಗೋವಿನಜೋಳ ಇದ್ದ ಮೇಲೆ ಇಲಿ ಇಲ್ಲದೆ ಇರುತ್ತವೆಯೇ? ಒಂದು ವರ್ಷ ಇಲಿಗಳು ಬಾನೆಟ್ಟಿನೊಳಗೆ ಗೂಡು ಕಟ್ಟಿ ಹೆಡ್‌ಲೈಟಿನ ವೈರು ಕಡಿದು ಹಾಕಿದವು. ಆವತ್ತಿನಿಂದ ಮಾವನವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ತಂದು, ತಾವೇ ಕುಟ್ಟಿ, ಎಣ್ಣೆಯಲ್ಲಿ ಕಾಯಿಸಿ, ಅರಿವೆ ಅದ್ದಿ ಎಂಜಿನ್ನಿನೊಳಗಿನ ಒಂದೊಂದು ವೈರಿಗೂ ಒಂದೊಂದು ರಬ್ಬರ್ ನಳಿಗೆಗೂ ಹಚ್ಚುತ್ತಿದ್ದರು. ಗಾಡಿ ಬಿಸಿಯಾದರೆ ಒಗ್ಗರಣೆ ಘಮ. ನಾನು ಬಾಯಿ ಸುಮ್ಮನಿಟ್ಟುಕೊಳ್ಳುವವಳಲ್ಲ.

"ಮಾವಾರ, ಬ್ಯಾಡಗಿ ಕಾಯಿ ಬಣ್ಣಕ್ಕರಿ, ಖಾರಕ್ಕಲ್ಲ. ಇಲಿ ರೊಟ್ಟಿ ಹುಡುಕ್ಕೊಂಡು ಬರತಾವು ಇದಕ್ಕ ಹಚ್ಕೊಂಡು ತಿನ್ನಾಕ."

"ನಮ್ಮ ಕಾಯಿಗೆ ಹಗುರ ಮಾತಾಡಬ್ಯಾಡ. ಆಮ್ಯಾಲ ಒಂದರ ಇಲಿ ಬಂದೈತೇನ, ಹೇಳು."

ಬಂದಿರಲಿಲ್ಲ, ಖರೇ.

ಅತ್ತೆಯವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ರಾಣೆಬೆನ್ನೂರಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು, ಒಂದು ಪಾಳಿಯೂ ತಪ್ಪಬಾರದು ಅಂದರು ಡಾಕ್ಟರು. ನಮ್ಮವರಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ, ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗಾಟ. ಅವರು, "ಅಪ್ಪಾ, ಮಳಿಗಾಲ ಮುಗಿಯೂತನಕ ಆಸ್ಪತ್ರಿ ಬಾಜೂಕ ಒಂದು ಬಾಡಗಿ ಮನಿ ನೋಡತೇನಿ" ಅಂದರು. ಅತ್ತೆಯವರು ಒಪ್ಪಿದ್ದರು, ಪಾತ್ರೆ ಕಟ್ಟಿಡಲು ನನಗೆ ಹೇಳಿಯೂ ಇದ್ದರು. ಮಾವನವರು ಬೇಡವೆಂದರು.

"ಗಾಡಿ ಐತೆಲ್ಲೋ ಮನಿಮುಂದ. ಆಕಿಗೆ ಪ್ಯಾಟ್ಯಾಗ ನಿದ್ದಿ ಹತ್ತಾಂಗಿಲ್ಲ. ನಾ ಕರಕೊಂಡು ಹೋಗತೇನಿ, ನಾ ಕರಕೊಂಡು ಬರತೇನಿ."

ಅದೇ ಮಳೆಗಾಲ ದೀಪ ಮಿಟುಕಲು ಸುರುವಾಯಿತು.

ಮೊದಲು ಎಲ್ಲೋ ಒಮ್ಮೆ. ಲಿವರ್ ಎಳೆದರೆ ನಾಲ್ಕು ಸಲ ಮಿಟುಕಿ ಆಮೇಲೆ ನಿಲ್ಲುತ್ತಿತ್ತು. ಬರಬರುತ್ತ ನಿಲ್ಲದೇ ಮಿಟುಕುವುದು ಹೆಚ್ಚಾಯಿತು. ರಾಣೆಬೆನ್ನೂರಿನಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿ ಒಳ್ಳೆಯ ಮನುಷ್ಯ; ಆದರೆ ಅವನ ಅಂಗಳಕ್ಕೆ ಹೋಗಿ ನಿಲ್ಲಿಸಿ, ಚಹಾ ಕುಡಿದು, ಗಾಡಿ ತಣ್ಣಗಾಗಿ ಅವನು ಕೈ ಹಚ್ಚುವ ಹೊತ್ತಿಗೆ ದೀಪ ಗಟ್ಟಿಯಾಗಿ ಉರಿಯುತ್ತಿತ್ತು. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುವುದಿಲ್ಲವೇ, ಹಾಗೆ. ಮಿಸ್ತ್ರಿ ಸ್ವಿಚ್ ಬದಲಿಸಿದ. ಗೇರ್ ಎಣ್ಣೆ ಬದಲಿಸಿದ. ನಾಲ್ಕೂ ಟೈರು ಒಂದೇ ಅಳತೆ ಇರಬೇಕಂತೆ, ಅದನ್ನೂ ಮಾಡಿಸಿದೆವು. ಹಾವೇರಿಯಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆಂದು ಹೋದರೆ, ಇಷ್ಟು ಹಳೇ ಗಾಡಿಗೆ ವೈರು ಸಿಕ್ಕಿಸುವ ಜಾಗವೇ ಇಲ್ಲ ಅಂದರು. ಅಲ್ಲಿದ್ದ ಒಬ್ಬ, "ಅಜ್ಜಾರ, ದೀಪದ ವೈರ್ ಕತ್ತರಿಸಿ ಒಗೀರಿ, ಚಿಂತಿ ಹೋಗತೈತಿ" ಅಂದ.

"ನಾಡಿ ತಪ್ಪೇತಿ ಅಂತ ಕೈ ಕತ್ತರಸ್ತಾರೇನೋ ತಮ್ಮಾ?" ಅಂದರು ಮಾವನವರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅತ್ತೆಯವರಿಗೂ ಡ್ಯೂಟಿ ಹಚ್ಚಿದ್ದರು. ಮುಂದಿನ ಸೀಟಿನಲ್ಲಿ ಕೂತು ಅವರು ದೀಪ ನೋಡುತ್ತಿರಬೇಕು. ಇವರ ಕಣ್ಣು ದಾರಿಯ ಮೇಲೆ. "ಹತ್ತೇತಿ… ಹತ್ತೇತಿ… ಹಾಂ, ಮಿಟುಕಾಕತ್ತಿತು ನೋಡ್ರಿ." ಕಾಲು ಬಾತು, ಉಸಿರು ಸಾಲದೆ, ಹೆಗಲಿಗೆ ಟವೆಲ್ ಸುತ್ತಿಕೊಂಡ ಆ ಜೀವ ವಾರಕ್ಕೆ ಎರಡು ಸಲ ಹೀಗೆ ಗಾಡಿಯ ನಾಡಿ ಹಿಡಿದು ಕೂಡುತ್ತಿತ್ತು. ಒಮ್ಮೆ ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ತಿರುಗಿ, "ನನ್ನ ಕಿಡ್ನಿಕಿಂತ ಇದರದ ಚಿಂತಿ ಹೆಚ್ಚಾಗೇತಿ ನಿಮ್ಮ ಮಾವಗ" ಅಂದು ನಕ್ಕರು. ಮಾವನವರು ನಗಲಿಲ್ಲ. ಎರಡೂ ಚಿಂತೆ ಒಂದೇ ಅನ್ನುವುದು ಅವರಿಗೆ ಗೊತ್ತಿತ್ತು.

ಪುಷ್ಯದ ಮಳೆ. ಹಿಂದಿನ ದಿನವೆಲ್ಲ ಹೊಡೆದು ಬೆಳಗಿಗೆ ಜಿಟಿಜಿಟಿ ಹಿಡಿದಿತ್ತು. ಹೊರಡುವ ಮುಂಚೆ ಮಾವನವರು ಅಂಗಳದಲ್ಲಿ ಲಿವರ್ ಎಳೆದು ನೋಡಿದರು: ದೀಪ ಗಟ್ಟಿ. ಎಂಜಿನ್ ಇನ್ನೂ ತಣ್ಣಗಿತ್ತಲ್ಲ. ಹಳ್ಳದ ಹತ್ತಿರ ಬರುವ ಹೊತ್ತಿಗೆ ಬಿಸಿಯಾಗಿತ್ತು. ಇಳುಕಲು ಇಳಿದು ಏರಬೇಕು ಅನ್ನುವಾಗ ಅತ್ತೆಯವರು, "ಮಿಟುಕಾಕತ್ತೇತ್ರಿ" ಅಂದರು. ಮುಂದಿನ ಗಾಲಿ ಜಗ್ಗಲಿಲ್ಲ. ಹಿಂದಿನವು ತಿರುಗಿದಲ್ಲೇ ತಿರುಗಿ ಅಚ್ಚಿನತನಕ ಹೂತುಹೋದವು.

ನಾನು ಇಳಿದು ದೂಡಿದೆ. ಮೊಣಕಾಲುಮಟ ಕೆಸರು. ಫೋನ್ ಮಾಡಿದರೆ ಹಲಗೇರಿಯ ಟ್ರ್ಯಾಕ್ಟರಿನವನು ಬೇರೆ ಕಡೆ ಸಿಕ್ಕಿಕೊಂಡಿದ್ದ. ಬಂದದ್ದು ಹೊತ್ತು ಇಳಿದ ಮೇಲೆ. ಅತ್ತೆಯವರನ್ನು ಹೊತ್ತುಕೊಂಡು ಹೋಗೋಣವೆಂದರೆ ನಾವಿಬ್ಬರು, ಅವರ ಮೈತುಂಬ ನೀರು, ಕಾಲಿಟ್ಟರೆ ಜಾರುವ ನೆಲ. ಅಷ್ಟು ಹೊತ್ತೂ ಅವರು ಸೀಟಿನಲ್ಲಿ ಕೂತೇ ಇದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ದಿನದ ಪಾಳಿಗಳೆಲ್ಲ ಮುಗಿದಿದ್ದವು. ಮಲಗಿಸಿಕೊಂಡು ಮಾಡುವಷ್ಟು ಮಾಡಿದರು, ನಸುಕಿಗೇ ಮಷಿನ್ನಿಗೂ ಹಾಕಿದರು. ಪುಪ್ಪುಸದಲ್ಲಿ ನೀರು ಇಳಿದಿತ್ತು. ಅತ್ತೆಯವರು ಆ ವಾರ ದಾಟಲಿಲ್ಲ. ಡಾಕ್ಟರು, ಹೃದಯ ಮೊದಲೇ ಸೋತಿತ್ತು, ಇವತ್ತಲ್ಲ ನಾಳೆ ಆಗುವುದೇ ಆಗಿತ್ತು ಅಂದರು. ಮಾವನವರು ಹೆಬ್ಬೆರಳು ತಿಕ್ಕುತ್ತ ಕೇಳಿಸಿಕೊಂಡರು, ನಂಬಲಿಲ್ಲ.

ದಿನ ಕರ್ಮ ಮುಗಿದ ಮೇಲೆ ಎಲ್ಲರೂ ಹೇಳಿದ್ದು ಒಂದೇ: ಆ ಗಾಡಿ ಮಾರಿಬಿಡಿ.

"ಮಾರೂಣಂತ. ಮೊದಲ ಯಾಕ ಅಂತ ಗೊತ್ತಾಗಲಿ."

"ಗೊತ್ತಾಗಿ ಏನ ಮಾಡತೀರಿ ಮಾವಾರ?" ಅಂದೆ ನಾನು, ಸಿಟ್ಟಿನಿಂದಲೇ.

"ಏನ ಮಾಡಾಕ ಬರತೈತಿ? ಗೊತ್ತಾಗಬೇಕಷ್ಟ."

ಆಮೇಲೆ ತಿಂಗಳುಗಟ್ಟಲೆ ಇದೇ ಆಯಿತು. ಮಳೆ ಹೋಗಿ ದಾರಿ ಒಣಗಿ ಬಿರುಕು ಬಿಟ್ಟಿತ್ತು. ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ. ಆದರೂ ಗಾಡಿ ತೆಗೆಯುತ್ತಿದ್ದರು, ನನ್ನನ್ನು ಅತ್ತೆಯವರ ಸೀಟಿನಲ್ಲಿ ಕೂಡಿಸಿಕೊಂಡು ಹಳ್ಳದವರೆಗೆ ಹೋಗಿ ಬರುತ್ತಿದ್ದರು. "ಹತ್ತೇತೇನು?" ಅನ್ನುತ್ತಿದ್ದರು. ನಾನು ಹತ್ತೇತಿ, ಮಿಟುಕತೈತಿ ಅನ್ನಬೇಕು. ಊಟ ಕಡಿಮೆಯಾಯಿತು. ಅಂಗಿ ಹೆಗಲ ಮೇಲೆ ಜೋತುಬಿತ್ತು. ಈ ಮನುಷ್ಯನಿಗೆ ಕಾರಣ ಸಿಕ್ಕರೆ ಒಂದು ತುತ್ತಾದರೂ ಹೆಚ್ಚಿಗೆ ತಿಂದಾರು ಅಂತ ನನಗೂ ಅದೇ ಗೀಳು ಹಿಡಿಯಿತು.

ಒಂದು ದಿನ ಅವರಿಗೆ ಜ್ವರ. ನಾನೊಬ್ಬಳೇ ಗಾಡಿ ತೆಗೆದುಕೊಂಡು ರಣಬಿಸಿಲಿನಲ್ಲಿ ರಾಣೆಬೆನ್ನೂರಿಗೆ ಹೋದೆ. ಮಿಸ್ತ್ರಿಗೆ ಚಹಾ ಕುಡಿಯಲು ಬಿಡಲಿಲ್ಲ, ಎಂಜಿನ್ ಬಂದ್ ಮಾಡಲೂ ಇಲ್ಲ. "ಈಗ ಮಿಟುಕಾಕತ್ತೇತಿ, ಈಗ ನೋಡ್ರಿ" ಅಂದೆ. ಅವನು ಬಿಸಿಗೆ ಕೈ ಎಳೆದುಕೊಳ್ಳುತ್ತ ಒಂದೊಂದೇ ತಡಕುತ್ತ ಹೋಗಿ ಕಿರುಬೆರಳು ಗಾತ್ರದ ಒಂದು ರಬ್ಬರ್ ನಳಿಗೆಯಲ್ಲಿ ನಿಂತ. ಮುಂದಿನ ಗಾಲಿಗಳನ್ನು ಜೋಡಿಸುವುದು ಎಂಜಿನ್ ಗಾಳಿ ಹೀರುವ ಬಲದಿಂದ. ಆ ಬಲ ಹೋಗುವುದು ಈ ನಳಿಗೆಯೊಳಗಿಂದ. ಅದು ನೆನೆದ ಹಪ್ಪಳದಷ್ಟು ಮೆತ್ತಗಾಗಿತ್ತು. ತಣ್ಣಗಿದ್ದಾಗ ಹೇಗೋ ತಡೆಯುತ್ತಿತ್ತು. ಬಿಸಿಯಾದ ಮೇಲೆ ಎಂಜಿನ್ ಹೀರಿದರೆ ಎರಡು ಬದಿ ಅಂಟಿಕೊಂಡು ಮುಚ್ಚಿಬಿಡುತ್ತಿತ್ತು.

ಮಿಸ್ತ್ರಿ ಅದನ್ನು ಕಿತ್ತು ಮೂಗಿಗೆ ಹಿಡಿದ. "ಎಣ್ಣಿ ಕುಡದು ಉಬ್ಬೇತಿ ನೋಡ್ರಿ ರಬ್ಬರು. ಅಡಗಿ ಎಣ್ಣಿ ವಾಸನಿ ಬರತೈತಿ. ಇದಕ್ಕ್ಯಾಕ ಹಚ್ಚಿದ್ರಿ? ಯಾರು ಹಚ್ಚಿದ್ರು?"

ಆ ವಾಸನೆ ನನ್ನ ಮೂಗಿಗೂ ಬಂತು, ನಮ್ಮ ಗಾಡಿಯ ಒಗ್ಗರಣೆಯದೇ. "ಮೊದಲಿನ ಮಾಲಕರು ಯಾರರ ಹಚ್ಚಿರಬೇಕು" ಅಂದೆ.

ಹೊಸ ನಳಿಗೆ ಹಾಕಿದ. ದೀಪ ಗಟ್ಟಿಯಾಗಿ ಉರಿಯಿತು. ಹಳೆಯದನ್ನು ದಾರಿಯಲ್ಲಿ ಗಟಾರಕ್ಕೆ ಒಗೆದೆ. ಹಲಗೇರಿ ಮುಟ್ಟುವತನಕ ಒಂದೇ ಯೋಚನೆ: ಏನು ಹೇಳಲಿ. ನೀವು ಜತನ ಮಾಡಿದ್ದೇ ಅತ್ತೆಯವರನ್ನು ಕೊಂದಿತು ಅನ್ನಲೇ? ಅಂಥದ್ದನ್ನು ಶತ್ರುವಿಗೂ ಹೇಳಬಾರದು.

ಮಾವನವರು ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. "ಸಿಕ್ತೇನವಾ?"

"ಸಿಕ್ತರಿ. ಒಂದು ನಳಿಗಿ ಇಲಿ ಕಡದಿತ್ತು."

"ಇಲಿ?"

"ಹೂಂರಿ. ಬಾಳ ಒಳಗ. ಕೈ ಹೋಗದಂಥ ಜಾಗಾ."

ಕೈ ಹೋಗದ ಜಾಗ ಅನ್ನುವುದನ್ನು ಅವರ ಸಮಾಧಾನಕ್ಕೆಂದೇ ಸೇರಿಸಿದ್ದೆ. ಅವರು ಕಂಬಳಿಯೊಳಗಿಂದ ಕೈ ತೆಗೆದು ಹೆಬ್ಬೆರಳು ತಿಕ್ಕತೊಡಗಿದರು.

"ಆ ಮಳಿಗಾಲದ ಮುಂಚೆ ನಂಗ ಸೊಂಟ ಹಿಡದಿತ್ತು ಯವ್ವಾ," ಅಂದರು ಆಮೇಲೆ. "ಒಳಗ ಬಗ್ಗಿ ಎಣ್ಣಿ ಹಚ್ಚಲಿಲ್ಲ. ಮ್ಯಾಲಿಂದ ಮ್ಯಾಲ ಒರಸಿ ಬಿಟ್ಟೆ. ಆಕಿ ಅಂದಿದ್ಲು, ಇನ್ನೊಮ್ಮಿ ನೋಡ್ರಿ ಅಂತ. ನಾನ ಸಾಕ ಬಿಡು ಅಂದೆ."

ಖರೇ ಹೇಳಿದ್ದರೂ ತಪ್ಪು ಅವರ ಕೈಯದೇ, ಸುಳ್ಳು ಹೇಳಿದರೂ ಅವರ ಕೈಯದೇ. ಆ ದಿನ ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಹೇಸಿಗೆ ಬಂತು.

ಜ್ವರ ಬಿಟ್ಟ ಮೇಲೆ ಅವರು ಮಾಡಿದ ಮೊದಲ ಕೆಲಸ, ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ ಕೈ ಮುಟ್ಟುವಷ್ಟೂ ದೂರ ಖಾರದ ಎಣ್ಣೆ ಹಚ್ಚಿದ್ದು. ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿದಾಗ ನಾನು ಸೋಪಿನ ನೀರು, ಅರಿವೆ ಹಿಡಿದು ಹೋಗಿ ಎಲ್ಲ ಒರಸಿದೆ. ವಾರ ಬಿಟ್ಟು ಮತ್ತೆ ಹಚ್ಚಿದರು, ಮತ್ತೆ ಒರಸಿದೆ. ಇದು ಅವರು ಹಾಸಿಗೆ ಹಿಡಿಯುವತನಕ ನಡೆಯಿತು. ನಮ್ಮವರಿಗೂ ಹೇಳಲಿಲ್ಲ. ಗಾಡಿ ಆಮೇಲೆ ಒಮ್ಮೆಯೂ ಎಲ್ಲಿಯೂ ಹೂತುಹೋಗಲಿಲ್ಲ.

ರೋಗ ಅಂತ ಹೆಸರು ಹಚ್ಚುವಂಥದ್ದೇನೂ ಇರಲಿಲ್ಲ. ಉಣ್ಣುವುದು ಬಿಟ್ಟರು, ಅಷ್ಟೇ. ಮಾತಾಡಿಸಲು ಮೇಡ್ಲೇರಿಯಿಂದ, ಬ್ಯಾಡಗಿಯಿಂದ ಬೀಗರು ಬರುತ್ತಿದ್ದರು. ಬಂದವರಿಗೆಲ್ಲ ಒಂದೇ ಮಾತು: "ನನ್ನ ಆಲಸ್ಯಕ್ಕ ಹೋದಳ್ರಿ ಆಕಿ. ಒಂದ ಸಲ ಬಗ್ಗಿದ್ದರ ಮುಗೀತಿತ್ತು." ಅವರು, ಹಾಗೆನ್ನಬೇಡಿ ಅಂತ ಸಮಾಧಾನ ಮಾಡುತ್ತಿದ್ದರು. ಲೋಟ ಹಿಡಿದು ನಾನು ಬದಿಯಲ್ಲೇ ನಿಂತಿರುತ್ತಿದ್ದೆ.

ಕಡೆಗೆ ತಡೆಯಲಾಗಲಿಲ್ಲ. ಬಂದವರು ಎದ್ದುಹೋದ ಮೇಲೆ, ಸಂಜೆಗೆ, ಹಾಸಿಗೆಯ ಬದಿಗೆ ಕೂತು ಅವರ ಕೈ ಹಿಡಿದುಕೊಂಡೆ. ಪೂರ್ತಿ ಹೇಳಿಬಿಡುತ್ತೇನೆ, ಆಗಿದ್ದಾಗಲಿ ಅಂತ ಗಟ್ಟಿ ಮನಸ್ಸು ಮಾಡಿದ್ದೆ.

"ಮಾವಾರ, ನಾ ಹೇಳಿದ್ದು ಖರೇ ಅಲ್ಲರಿ. ಇಲಿ ಕಡದಿರಲಿಲ್ಲ."

ಕಣ್ಣು ತೆರೆದು ನನ್ನನ್ನು ನೋಡಿದರು. ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ಸಣ್ಣ ನಗೆ ಇತ್ತು.

"ನಂಗ ಸಮಾಧಾನ ಆಗಲಿ ಅಂತ ಸುಳ್ಳ ಹೇಳಬ್ಯಾಡ ಯವ್ವಾ. ಈ ಮನ್ಯಾಗ ಖರೇ ಹೇಳಾಕಿ ನೀನೊಬ್ಬಾಕಿ."

ಅವರ ಕೈ ಬಿಟ್ಟು ಲೋಟ ತೆಗೆದುಕೊಂಡೆ. ಚಮಚೆಯಿಂದ ನೀರು ಹಾಕಿದೆ, ಕುಡಿದರು. ಮರುದಿನ ಹೋದರು.