ಅವ್ವನ ಫೋನಿನ ದಪ್ಪ ಅಕ್ಷರ

ಸ್ನೇಹಿತರೇ, ಅವ್ವನ ಫೋನಿನಲ್ಲಿ ಅಕ್ಷರ ದಪ್ಪ ಮಾಡಿಕೊಡುವ ಮುನ್ನ ನೂರು ಸಲ ಯೋಚಿಸಿ. "ಕಣ್ಣಿಗೆ ಕಾಣವಲ್ದು" ಎಂದಳೆಂದು ನಾನು ಇವತ್ತು ಬೆಳಿಗ್ಗೆ ಸೆಟ್ಟಿಂಗ್ಸ್‌ಗೆ ಹೋಗಿ ಫಾಂಟ್ ಸೈಜನ್ನು ಕೊನೆಯ ತನಕ ಎಳೆದುಬಿಟ್ಟೆ. ಪರದೆಗೆ ನಾಲ್ಕೇ ಸಾಲು. ಅವ್ವ ಖುಷ್!

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೊರಟ ಬಸ್ಸಿನಲ್ಲಿ ಅವಳಿಗೆ ಉಜ್ಜಿನಿಯ ಚಿಗವ್ವನಿಂದ ಮೆಸೇಜ್ ಬಂತು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹಿಂದಿನ ಸೀಟಿನ ಹೆಂಗಸು ಅವ್ವನ ಭುಜ ತಟ್ಟಿದರು.

"ಅಕ್ಕಾರ, ಸ್ವಲ್ಪ ಮ್ಯಾಲ ಸರಸ್ರಿ. ಹುಡುಗ ಒಪ್ಯಾನ ಅನ್ನೋ ತನಕ ಓದೀನಿ. ಹುಡುಗಿ ಏನಂತಾಳ?"

"ಯಾವ ಹುಡುಗಿ?" ಎಂದೆ ನಾನು.

ಅವ್ವ ಗಡಬಡಿಸಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಪಕ್ಕದ ಸಾಲಿನ ಯಜಮಾನರು ನಕ್ಕರು. "ನೀನೇ ಇರ್ಬೇಕು ತಂಗಿ. ನಿನಗ ಹೇಳೇ ಇಲ್ಲೇನು?"

ಕಂಡಕ್ಟರ್ ಕೂಡ ಟಿಕೆಟ್ ಮಷೀನ್ ಹಿಡಿದು ನಿಂತೇಬಿಟ್ಟ. "ಹೇಳವ್ವ, ಹೂಂ ಅಂತೀಯೋ, ಊಹೂಂ ಅಂತೀಯೋ?"

"ನಾನು ಯಾರನ್ನೂ ನೋಡೇ ಇಲ್ರೀ!" ಎಂದು ಕೂಗಿದೆ. ಇಡೀ ಬಸ್ಸು ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸು ತಮ್ಮ ಫೋನ್ ಚಾಚಿದರು. "ನಂದಕ್ಕೂ ಹಿಂಗ ದಪ್ಪ ಮಾಡಿಕೊಡವ್ವ." ಮಾಡಿಕೊಟ್ಟೆ. ಐದು ನಿಮಿಷ ಬಿಟ್ಟು ತಿರುಗಿ ನೋಡಿದರೆ ಅವರು ಮನೆಯವರಿಗೆ ಮೆಸೇಜ್ ಬರೆಯುತ್ತಿದ್ದರು: "ಬಸ್ಸಿನ್ಯಾಗ ಚಲೋ ಹುಡುಗಿ ಅದಾಳ. ಇನ್ನೂ ಒಪ್ಪಿಲ್ಲ. ನಮ್ಮ ಹುಡುಗನ ಫೋಟೊ ಲಗೂನ ಕಳಸ್ರಿ."

ಅಷ್ಟನ್ನೂ ನಾನು ಕನ್ನಡಕ ಹಾಕದೆಯೇ ಓದಿದೆ.