ಸವಣೂರಿನ ಜಿನ್ನಿನಲ್ಲಿ ಮ್ಯಾಲಿನ ತಾಸು

ಹಿಟ್ಟಿನ ಗಿರಣಿಯಲ್ಲಿ ಎಂಜಿನ್ನಿನ ಚರ್ಮದ ಪಟ್ಟಾ ಪಟಪಟ ಬಡಿದುಕೊಳ್ಳುವ ಸದ್ದು ಕೇಳಿದರೆ ನಾನು ಇವತ್ತಿಗೂ ಧೋತರದ ಚುಂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಜೋಳ ಬೀಸಿಕೊಂಡು ಬರಲು ನನ್ನನ್ನು ಕಳಿಸಿದರೆ ಡಬ್ಬಿ ಬೀದಿಯಲ್ಲೇ ನಿಂತುಬಿಡುತ್ತದೆ ಎಂದು ಮನೆಯವರು ನಗುತ್ತಾರೆ. ನಗಲಿ. ಸವಣೂರಿನ ಹತ್ತಿ ಜಿನ್ನಿನಲ್ಲಿ ಆ ಸಂಜೆ ಅವರಿರಲಿಲ್ಲ, ನಾನಿದ್ದೆ.

ಎರಡನೆಯ ಮಹಾಯುದ್ಧದ ಕಾಲ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವನು, ದೊಡ್ಡ ನೌಕರಿ ತಾನಾಗಿ ಹುಡುಕಿಕೊಂಡು ಬರುತ್ತದೆಂದು ಹಾನಗಲ್ಲಿನ ಮನೆಯ ಕಟ್ಟೆಯ ಮೇಲೆ ಒಂದು ಮಳೆಗಾಲ ಕಾದೆ. ಅದಕ್ಕೆ ನಮ್ಮ ಓಣಿಯ ದಾರಿ ಸಿಗಲಿಲ್ಲವೇನೋ. ಕೊನೆಗೆ ಸವಣೂರಿನ ಒಂದು ಹತ್ತಿ ಜಿನ್ನಿನಲ್ಲಿ ಕೂಲಿಯವರ ತಾಸು ಬರೆಯುವ ಟೈಮ್‌ಕೀಪರ್ ಆದೆ. ಶಿಗ್ಗಾವಿ, ಹಿರೇಕೆರೂರು ಕಡೆಯಿಂದ ಗಾಡಿಯಲ್ಲಿ ಬಂದ ಹತ್ತಿಯಿಂದ ಕಾಳು ಬೇರೆ ಮಾಡುವ ಕಾರಖಾನೆ ಅದು. ಯಂತ್ರಕ್ಕೆ ಹತ್ತಿ ಉಣಿಸುವವರೆಲ್ಲ ಹೆಂಗಸರು. ಸಾಲಿನ ತುದಿಯ ಯಂತ್ರದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮೊದಲ ದಿನವೇ ಅವಳು ನನ್ನನ್ನು ತಡವಿಕೊಂಡಳು.

“ಸಾಹೇಬ್ರ, ತಾಸು ನೋಡೂದು ಕಾಲೇಜಿನ್ಯಾಗ ಎಷ್ಟು ವರ್ಷ ಕಲಸ್ತಾರ್ರೀ?”

“ನಾಲ್ಕು” ಎಂದೆ.

“ಅವ್ವಾ! ನಮ್ಮನಿ ಹುಂಜ ಒಂದ ದಿನಾನೂ ಸಾಲಿಗೆ ಹೋಗಿಲ್ಲರಿ!”

ತಾಸು ನೋಡುವುದು ಸುಲಭವಿತ್ತು, ಕೂಡಿಸುವುದು ಸುಲಭವಿರಲಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ದಿನದ ಕೆಲಸ, ನಡುವೆ ಒಂದು ತಾಸು ಊಟಕ್ಕೆ. ಆರರ ನಂತರ ದುಡಿದದ್ದು ‘ಮ್ಯಾಲಿನ ತಾಸು’. ಅದಕ್ಕೆ ದೀಡ ಪಟ್ಟು ಕೂಲಿ, ಅಂದರೆ ಹಗಲಿನ ತಾಸಿಗೆ ಎರಡು ಪೈಸೆಯಾದರೆ ಮ್ಯಾಲಿನ ತಾಸಿಗೆ ಮೂರು. ಇಷ್ಟೇ ಆಗಿದ್ದರೆ ಹುಂಜವೂ ಲೆಕ್ಕ ಹಾಕುತ್ತಿತ್ತು. ಆದರೆ ನಮ್ಮ ಮ್ಯಾನೇಜರರು ಅದಕ್ಕೊಂದು ಬಾಲ ಅಂಟಿಸಿದ್ದರು. ಮ್ಯಾಲಿನ ತಾಸಿನಲ್ಲಿ ಎಂಜಿನ್ನಿನ ಪಟ್ಟಾ ಒಂದು ಕ್ಷಣ ನಿಂತರೂ ಇಡೀ ತಾಸು ಲೆಕ್ಕಕ್ಕಿಲ್ಲ.

“ಕಾಲು ತಾಸು ನಿಂತರೆ ಉಳಿದ ಮುಕ್ಕಾಲಿನದನ್ನಾದರೂ ಕೊಡಬೇಕಲ್ಲ?” ಎಂದು ನಾನು ಅವರನ್ನು ಕೇಳಿದ್ದೆ.

“ಹಾಲು ಒಡದ ಮ್ಯಾಲ ಮುಕ್ಕಾಲು ಹಾಲು ಐತಿ ಅಂತ ಮಾರ್ತಾರೇನ್ರೀ?”

ಹಾಲಿಗೂ ಹತ್ತಿಗೂ ಏನು ಸಂಬಂಧ ಎಂದು ಕೇಳಲು ನನ್ನ ಬಿ.ಎ. ಸಾಲಲಿಲ್ಲ.

ಹೀಗಾಗಿ ಆರು ಬಡಿದ ಮೇಲೆ ಹೆಂಗಸರು ಪಟ್ಟಾವನ್ನು ಹಸುಗೂಸಿನಂತೆ ನೋಡಿಕೊಳ್ಳುತ್ತಿದ್ದರು. ಹಗಲಲ್ಲಿ ಯಂತ್ರದ ಬುಡದಲ್ಲಿ ಕಾಳು ಸಿಕ್ಕಿಕೊಂಡರೆ “ನಿಲ್ಲಸ್ರೀ” ಎಂದು ಕೂಗುವವರು, ಸಂಜೆ ಮಾತ್ರ ಬಗ್ಗಿ ಕೈಯಿಂದಲೇ ಕೆದರಿ ತೆಗೆಯುತ್ತಿದ್ದರು. ಯಂತ್ರಗಳ ಹಿಂದೆ ಮೊಣಕಾಲೆತ್ತರಕ್ಕೆ ಉದ್ದನೆಯ ಕಬ್ಬಿಣದ ದಂಡವೊಂದು ಗಿರಗಿರ ತಿರುಗುತ್ತಿತ್ತು. ಎಲ್ಲ ಯಂತ್ರಗಳೂ ಓಡುತ್ತಿದ್ದದ್ದು ಅದರಿಂದಲೇ.

ಆ ಸಂಜೆ ದೊಡ್ಡಕ್ಕ ಹಾಗೆಯೇ ಬಗ್ಗಿದಳು. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಅವಳ ಸೆರಗಿನ ತುದಿ ದಂಡದ ಕಡೆ ಹಾರಿತು, ಅಷ್ಟೇ. ದಂಡ ಅದನ್ನು ನೂಲಿನ ಹಾಗೆ ಸುತ್ತಿಕೊಳ್ಳತೊಡಗಿತು. ದೊಡ್ಡಕ್ಕ ಎರಡೂ ಕೈಯಿಂದ ಯಂತ್ರದ ಕಾಲು ತಬ್ಬಿಕೊಂಡಳು. ಪಟ್ಟಾವನ್ನು ಪಕ್ಕದ ಖಾಲಿ ಗಾಲಿಗೆ ಸರಿಸಿದರೆ ದಂಡ ನಿಲ್ಲುತ್ತದೆ. ಆ ಕೆಲಸಕ್ಕೆಂದೇ ಸವಣೂರಿನ ಮುದುಕ ಮಿಸ್ತ್ರಿಯೊಬ್ಬರು ಕಟ್ಟಿಗೆಯ ಕೋಲು ಹಿಡಿದು ಎಂಜಿನ್ನಿನ ಬಳಿ ಇರುತ್ತಿದ್ದರು. ಅವರು ಕೋಲೆತ್ತಿದರು. ಆಗ ದೊಡ್ಡಕ್ಕ ಕೂಗಿದಳು. ಕಾಪಾಡಿ ಎಂದಲ್ಲ.

“ಮಿಸ್ತ್ರಿ ಅಣ್ಣಾ, ನಿಲ್ಲಸಬ್ಯಾಡ್ರೀ! ಇನ್ನ ಸ್ವಲ್ಪ ಐತಿ, ತಾಸು ಹೋಗತೈತಿ!”

ಮಿಸ್ತ್ರಿಯ ಕೋಲು ಗಾಳಿಯಲ್ಲೇ ತಡೆಯಿತು. ದಿನಾಲೂ ಅದೇ ಮಾತಿಗೆ ಕೋಲು ಇಳಿಸಿ ರೂಢಿಯಾದ ಕೈ. ಅದು ಎಷ್ಟು ಹೊತ್ತು ತಡೆಯಿತೋ ಟೈಮ್‌ಕೀಪರನಾದ ನನಗೇ ಹೇಳಲಾಗುವುದಿಲ್ಲ. ಕಣ್ಣು ಮುಚ್ಚಿದರೆ ಸೆರಗು ಇನ್ನೂ ಸುತ್ತಿಕೊಳ್ಳುತ್ತಲೇ ಇರುತ್ತದೆ, ಕೋಲು ಇನ್ನೂ ಮೇಲೇ ಇರುತ್ತದೆ.

“ಬಾಯಿ ಮುಚ್ಚು, ಹುಚ್ಚಿ!” ಎಂದು ಮಿಸ್ತ್ರಿ ಗುಡುಗಿ ಪಟ್ಟಾ ನೂಕಿದರು. ದಂಡ ನಿಲ್ಲುವ ಮೊದಲು ಇನ್ನೂ ನಾಲ್ಕು ಸುತ್ತು ಸುತ್ತಿತು. ತೇಪೆ ಹಾಕಿದ ಹಳೆಯ ಸೀರೆಯಾದ್ದರಿಂದ ಪರ್ರೆಂದು ಹರಿಯಿತು. ಹೊಸದಾಗಿದ್ದರೆ ಹರಿಯುತ್ತಿರಲಿಲ್ಲ.

ಹೆಂಗಸರು ದೊಡ್ಡಕ್ಕನಿಗೆ ಗೋಣಿತಟ್ಟು ಸುತ್ತಿ ಕೂರಿಸಿದರು. ಭುಜ ತರಚಿತ್ತು, ಬೇರೇನೂ ಆಗಿರಲಿಲ್ಲ. ನಾನು ಮಾತ್ರ ಹತ್ತಿಯ ರಾಶಿಯ ಮೇಲೆ ಕೂತುಬಿಟ್ಟಿದ್ದೆ.

“ಆ ಸಾಹೇಬ್ರಿಗೆ ಮದಲ ನೀರು ಕೊಡ್ರವಾ, ಸೀರಿ ಅವರದ ಹರದಂಗ ಕುಂತಾರ” ಎಂದಳು ದೊಡ್ಡಕ್ಕ. ಆಮೇಲೆ ಮೆಲ್ಲಗೆ, “ತಾಸು ಹೋತೇನ್ರೀ?”

ಸದ್ದು ನಿಂತದ್ದಕ್ಕೆ ಮ್ಯಾನೇಜರರು ಗಡಿಯಾರ ಹಿಡಿದುಕೊಂಡೇ ಓಡಿ ಬಂದರು. ದಂಡಕ್ಕೆ ಸುತ್ತಿದ್ದ ಸೀರೆ ನೋಡಿದರು. ಬಾಯಿ ತೆರೆಯಿತು. ಆದರೆ ಆ ದಿನ ಹಾಲಿನ ಮಾತು ಬರಲಿಲ್ಲ.

“ಇಷ್ಟು ಹಟ ಯಾಕವಾ?” ಎಂದು ಕೇಳಿದರು.

“ನನ್ನ ಸೀರಿ ಒಂದ ಹೋಗ್ತಿತ್ತರಿ. ನಿಂತಿದ್ರ ಇವರೆಲ್ಲಾರ ತಾಸು ಹೋಗ್ತಿತ್ತು.”

“ಸೀರಿ ಒಳಗ ನೀನೂ ಇದ್ದಿ” ಎಂದರು ಮಿಸ್ತ್ರಿ. ಕೋಲನ್ನು ಮ್ಯಾನೇಜರರ ಮುಂದೆ ಚಾಚಿದರು. “ಹಿಡೀರಿ ಸಾಹೇಬ್ರ. ನಾಳಿಂದ ಆರರ ಮ್ಯಾಲ ಇಲ್ಲಿ ನೀವ ನಿಲ್ರಿ.”

ಮ್ಯಾನೇಜರರು ಕೋಲು ಮುಟ್ಟಲಿಲ್ಲ. ಪಟ್ಟಾ ನಿಂತರೂ ಓಡಿದರೂ ಮ್ಯಾಲಿನ ತಾಸು ಪೂರ್ತಿ ಎಂದು ಗೊಣಗಿದರು. “ಜೋರಾಗಿ ಹೇಳ್ರಿ, ಆ ತುದಿಯವರಿಗೆ ಕೇಳಸಲಿಲ್ಲ” ಎಂದರು ಮಿಸ್ತ್ರಿ. ಜೋರಾಗಿಯೂ ಹೇಳಬೇಕಾಯಿತು.

ಮಾತು ಕೊಟ್ಟದ್ದು ಕೇಳಿಸಿತು, ಉಳಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ಮರುದಿನ ಆರು ಬಡಿದು ಸ್ವಲ್ಪ ಹೊತ್ತಾಗಿರಬೇಕು, “ನಿಲ್ಲಸ್ರೀ!” ಎಂದು ದೊಡ್ಡಕ್ಕ ಚೀರಿದಳು. ಮಿಸ್ತ್ರಿ ಪಟ್ಟಾ ನೂಕಿದರು. ನಾನು ಓಡಿದೆ, ಮ್ಯಾನೇಜರರೂ ಓಡಿ ಬಂದರು. ದೊಡ್ಡಕ್ಕ ಆರಾಮಾಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಏನಾತು?” ಎಂದರು ಮ್ಯಾನೇಜರರು.

“ಏನೂ ಆಗಿಲ್ಲರಿ. ನಿಲ್ಲತೈತೋ ಇಲ್ಲೋ ನೋಡಿದೆ. ನೀವು ಬರಕೋರಿ ತಾಸಿನ ಸಾಹೇಬ್ರ, ಪೂರ್ತಿ ತಾಸು.”

ನಾನು ಮ್ಯಾನೇಜರರ ಮುಖ ನೋಡಿದೆ. ಅವರು ಗಡಿಯಾರವನ್ನು ಕಿಸೆಗಿಳಿಸಿ ಹೊರಗೆ ನಡೆದರು. ಎಲ್ಲರ ಹೆಸರಿನ ಮುಂದೆ ಮ್ಯಾಲಿನ ತಾಸು ಪೂರ್ತಿ ಎಂದು ಬರೆದೆ. ದೊಡ್ಡಕ್ಕ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು, ಮಿಸ್ತ್ರಿಗೆ ಕೈ ಬೀಸಿದಳು, ಪಟ್ಟಾ ಮತ್ತೆ ಓಡತೊಡಗಿತು.